ಹೊಸ ಮೀನಿಗೆ ಮನೆಯ ನೀರು ಒಗ್ಗಲಿ

ಹಬ್ಬ ಮುಗಿದ ಮರುದಿನ ಮಕ್ಕಳ ಕೈಯಲ್ಲಿ ಈದಿಯ ಹಣ ಇರುತ್ತದೆ. ಹೊಸ ಬಟ್ಟೆಯ ಸಂಭ್ರಮ ತೀರಿದೆ, ಶೀರ್‌ಖುರ್ಮಾದ ಪಾತ್ರೆ ಖಾಲಿಯಾಗಿದೆ. ಇನ್ನೇನು ಬೇಕೆಂದು ಕೇಳಿದರೆ, "ಅಮ್ಮೀ, ಬಣ್ಣದ ಮೀನು" ಎಂಬ ಒಂದೇ ಹಠ. ಹುಕ್ಕೇರಿ ತಾಲೂಕಿನ ದಡ್ಡಿಯಂತಹ ಊರಿನವರು ಇದಕ್ಕಾಗಿ ಸಂಕೇಶ್ವರಕ್ಕೋ ಬೆಳಗಾವಿಗೋ ಗೋಕಾಕಕ್ಕೋ ಬಸ್ಸು ಹತ್ತಬೇಕು. ಸಂಜೆ ಅಬ್ಬಾ ಮರಳುವಾಗ ಅವರ ಕೈಯಲ್ಲಿ ಗಾಜಿನ ತೊಟ್ಟಿ, ಬಣ್ಣದ ಕಲ್ಲು, ಮತ್ತು ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಎಂಟು ಮೀನು. ಮಕ್ಕಳಿಗೆ ತಾಳ್ಮೆಯೆಲ್ಲಿ? ನಲ್ಲಿಯ ನೀರು ತೊಟ್ಟಿಗೆ ತುಂಬುತ್ತದೆ, ಚೀಲದ ಗಂಟು ಬಿಚ್ಚುತ್ತದೆ, ಮೀನುಗಳು ಒಂದೇ ಸಲಕ್ಕೆ ಒಳಗೆ ಬೀಳುತ್ತವೆ. ಮನೆಮಂದಿಯೆಲ್ಲ ಸುತ್ತ ಕುಳಿತು ನೋಡುತ್ತಾರೆ.

ಮೂರನೆಯ ದಿನ ಫಜ್ರ್‌ಗೆ ಎದ್ದ ತಾಯಿ ದೀಪ ಹಾಕಿದಾಗ ಎರಡು ಮೀನು ಹೊಟ್ಟೆ ಮೇಲಾಗಿ ತೇಲುತ್ತಿರುತ್ತವೆ. ವಾರ ಮುಗಿಯುವಷ್ಟರಲ್ಲಿ ತೊಟ್ಟಿ ಖಾಲಿ. ಮಗು ಅಳುತ್ತದೆ. ದೊಡ್ಡವರು ಸಮಾಧಾನ ಹೇಳುತ್ತಾರೆ: "ಯಾರದೋ ನಜರ್ ತಾಗಿತು." ಇಲ್ಲವೆ, "ಮನೆಗೆ ಬರಬೇಕಾಗಿದ್ದ ಬಲಾ ಮೀನಿನ ಮೇಲೆ ಹೋಯಿತು, ಒಳ್ಳೆಯದೇ ಆಯಿತು ಬಿಡು."

ಸಹೋದರಿಯರೇ, ಈ ಮಾತು ನಮ್ಮ ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ನಜರ್ ಎಂಬುದು ಇಲ್ಲವೆಂದು ಯಾರೂ ಹೇಳುವುದಿಲ್ಲ. ಆದರೆ ನಮ್ಮ ಅವಸರದಿಂದ ಆದ ತಪ್ಪನ್ನು ನಜರಿನ ತಲೆಗೆ ಕಟ್ಟಿದರೆ ನಾವು ಕಲಿಯುವುದು ಏನೂ ಇಲ್ಲ. ಮುಂದಿನ ಹಬ್ಬಕ್ಕೆ ಮತ್ತೆ ಎಂಟು ಮೀನು ಬರುತ್ತವೆ, ಮತ್ತೆ ವಾರದಲ್ಲಿ ಸಾಯುತ್ತವೆ. ಆ ಮೀನುಗಳು ಸತ್ತದ್ದು ಯಾರ ಕಣ್ಣಿನಿಂದಲೂ ಅಲ್ಲ, ನೀರು ಒಗ್ಗದೆ.

ನೀರು ಬದಲಾದರೆ ಏನಾಗುತ್ತದೆ?

"ಊರು ಬದಲಾಯಿತು, ನೀರು ಒಗ್ಗಲಿಲ್ಲ" ಎಂದು ನಾವು ಮನುಷ್ಯರ ವಿಷಯದಲ್ಲೇ ಹೇಳುತ್ತೇವೆ. ಮದುವೆಯಾಗಿ ಬೇರೆ ಊರಿಗೆ ಹೋದ ಹುಡುಗಿಗೆ ಮೊದಲ ತಿಂಗಳು ತಲೆಗೂದಲು ಉದುರುತ್ತದೆ, ಹೊಟ್ಟೆ ಕೆಡುತ್ತದೆ. ತಿಳಿದ ಅತ್ತೆಯಾದರೆ, "ಇರಲಿ ಬೇಟಿ, ನಿಧಾನಕ್ಕೆ ಒಗ್ಗುತ್ತದೆ" ಎನ್ನುತ್ತಾಳೆ. ನಾವು ನೀರನ್ನು ಕುಡಿಯುವವರು ಮಾತ್ರ. ಮೀನು ಅದರಲ್ಲೇ ಉಸಿರಾಡುತ್ತದೆ, ಉಣ್ಣುತ್ತದೆ, ಮಲಗುತ್ತದೆ. ಅದಕ್ಕೆ ನೀರು ಬದಲಾಗುವುದೆಂದರೆ ನಮಗೆ ನೆಲ, ಗಾಳಿ, ಊಟ ಮೂರೂ ಒಂದೇ ಕ್ಷಣದಲ್ಲಿ ಬದಲಾದಂತೆ.

ನೋಡಲು ಎಲ್ಲ ನೀರೂ ಒಂದೇ. ಆದರೆ ಒಂದು ನೀರಿನ ಹಾಗೆ ಇನ್ನೊಂದಿಲ್ಲ. ಘಟಪ್ರಭೆ ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಮಹಾರಾಷ್ಟ್ರದ ಕಡೆಯಿಂದ ದಡ್ಡಿಗೆ ಬರುತ್ತದೆ. ಮುಂದೆ ಹಿಡಕಲ್ ಜಲಾಶಯ ಸೇರಿ, ಅಲ್ಲಿಂದ ಹೊರಟು ಗೋಕಾಕದಲ್ಲಿ 170 ಅಡಿಯಷ್ಟು ಎತ್ತರದಿಂದ ಧುಮುಕುತ್ತದೆ. ಮಳೆಗಾಲದ ಹೊಳೆಯ ನೀರು ಮೆದು. ಅದೇ ಹೊಳೆಯಿಂದ ದೂರದ ಎರೆ ಭೂಮಿಯಲ್ಲಿ ಕೊರೆದ ಬೋರ್‌ವೆಲ್ ನೀರು ಎಷ್ಟೋ ಕಡೆ ಗಡಸು. ಚಹಾ ಪಾತ್ರೆಯ ತಳದಲ್ಲಿ ಬಿಳಿ ಪದರು ಕಟ್ಟುವುದು, ಸೋಪು ನೊರೆ ಬಾರದಿರುವುದು ಈ ನೀರಿನ ಗುರುತು. ಅಂಗಡಿಯವರ ಊರಿನ ನೀರು ಒಂದು, ನಿಮ್ಮ ಮನೆಯ ನೀರು ಇನ್ನೊಂದು ಆಗಿರುವ ಸಾಧ್ಯತೆಯೇ ಹೆಚ್ಚು.

ಸಿಹಿನೀರಿನ ಮೀನಿನ ಮೈಯೊಳಗೆ ಉಪ್ಪಿನಂಶ ಹೊರಗಿನ ನೀರಿಗಿಂತ ಹೆಚ್ಚು. ಆದ್ದರಿಂದ ನೀರು ಕಿವಿರು ಮತ್ತು ಚರ್ಮದ ಮೂಲಕ ಸದಾ ಒಳಕ್ಕೆ ನುಗ್ಗುತ್ತಿರುತ್ತದೆ. ಮೀನಿನ ಮೂತ್ರಪಿಂಡ ಆ ನೀರನ್ನು ಬಿಡುವಿಲ್ಲದೆ ಹೊರಹಾಕುತ್ತದೆ, ಕಿವಿರು ಬೇಕಾದ ಲವಣವನ್ನು ಹಿಡಿದಿಡುತ್ತದೆ. ಅಲ್ಲಾಹನು ಆ ಪುಟ್ಟ ಜೀವದೊಳಗೆ ಇಟ್ಟಿರುವ ಲೆಕ್ಕಾಚಾರ ಇದು. ಗಡಸು ನೀರಿನಿಂದ ಮೆದು ನೀರಿಗೆ, ಅಥವಾ ಮೆದುವಿನಿಂದ ಗಡಸಿಗೆ ಥಟ್ಟನೆ ಹಾಕಿದರೆ ಈ ಲೆಕ್ಕ ತಪ್ಪುತ್ತದೆ. ಮೀನಿಗೆ ನಮ್ಮ ಹಾಗೆ ಮೈಯ ಬಿಸಿಯನ್ನು ಒಂದೇ ಮಟ್ಟದಲ್ಲಿ ಕಾಪಾಡಿಕೊಳ್ಳಲೂ ಆಗದು. ನೀರು ಎಷ್ಟು ಬಿಸಿಯೋ ಮೈಯೂ ಅಷ್ಟೇ ಬಿಸಿ. ಬಿಸಿಲಲ್ಲಿ ಕಾದ ಚೀಲದಿಂದ ತಣ್ಣನೆಯ ತೊಟ್ಟಿಗೆ ಬಿದ್ದ ಮೀನು ಆ ಗಳಿಗೆಯಲ್ಲಿ ಈಜಿದರೂ ಎರಡು ದಿನದಲ್ಲಿ ಸೋಲುತ್ತದೆ.

ಪುಟ್ಟ ಜೀವ, ದೊಡ್ಡ ಅಮಾನತ್

ಮನೆಯಲ್ಲಿ ಇಂತಹ ಜೀವಗಳನ್ನು ಸಾಕಬಹುದೇ ಎಂದು ಕೆಲವರು ಕೇಳುತ್ತಾರೆ. ಹಝ್ರತ್ ಅನಸ್(ರ) ಅವರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಚಿಕ್ಕ ಹಕ್ಕಿಯನ್ನು ಸಾಕಿದ್ದರು. ಪ್ರವಾದಿವರ್ಯರು(ಸ) ಆ ಮನೆಗೆ ಬಂದಾಗಲೆಲ್ಲ ಮಗುವಿನೊಡನೆ ಆ ಹಕ್ಕಿಯ ಬಗ್ಗೆ ಪ್ರೀತಿಯಿಂದ ವಿಚಾರಿಸುತ್ತಿದ್ದರು. ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿ ಬಂದಿರುವ ಈ ಹದೀಸ್‌ನ ಆಧಾರದಲ್ಲಿ, ಸರಿಯಾಗಿ ನೋಡಿಕೊಳ್ಳುವುದಾದರೆ ಸಾಕಬಹುದೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ.

'ಸರಿಯಾಗಿ ನೋಡಿಕೊಳ್ಳುವುದಾದರೆ' ಎಂಬ ಮಾತನ್ನು ಮರೆಯಬಾರದು. ಅದೇ ಗ್ರಂಥಗಳಲ್ಲಿ ಒಂದು ಬೆಕ್ಕಿನ ಪ್ರಸಂಗವೂ ಇದೆ. ಅದನ್ನು ಕೂಡಿಹಾಕಿ, ತಾನೂ ಆಹಾರ ಕೊಡದೆ, ಅದಾಗಿಯೇ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸು ಶಿಕ್ಷೆಗೆ ಗುರಿಯಾದಳೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಆಕೆಯ ತಪ್ಪು ಬೆಕ್ಕನ್ನು ಸಾಕಿದ್ದಲ್ಲ, ಕೂಡಿಹಾಕಿ ಕೈಬಿಟ್ಟದ್ದು. ಗಾಜಿನ ತೊಟ್ಟಿಯ ಮೀನು ಆ ಬೆಕ್ಕಿಗಿಂತಲೂ ಅಸಹಾಯಕ. ಕೂಗುವಂತಿಲ್ಲ, ಓಡುವಂತಿಲ್ಲ. ನೀರು ಕೆಟ್ಟರೆ ಬೇರೆ ನೀರಿಗೆ ಹೋಗುವಂತಿಲ್ಲ. ಅದರ ಹೊಳೆಯೂ ನಾವೇ ಕೊಟ್ಟ ಆ ಎರಡು ಅಡಿ ಜಾಗ, ಅದರ ಗಾಳಿಯೂ ನಾವೇ ಕೊಟ್ಟ ನೀರು.

ಮೀನಿಗಿಂತ ಮೊದಲು ನೀರು

ಮೀನು ಒಗ್ಗಿಸುವ ಕೆಲಸ ಮೀನು ತಂದ ದಿನ ಶುರುವಾಗುವುದಲ್ಲ, ಒಂದು ತಿಂಗಳ ಮೊದಲೇ ಶುರುವಾಗಬೇಕು.

ಹಳೆಯ ಮಸೀದಿಗಳ ಹೌಝ್‌ನಲ್ಲಿ ಮೀನುಗಳಿರುವುದನ್ನು ನೀವು ನೋಡಿರಬಹುದು. ಪಂಪಿಲ್ಲ, ದೀಪವಿಲ್ಲ, ಆದರೂ ವರ್ಷಗಟ್ಟಲೆ ಬದುಕುತ್ತವೆ. ಕಾರಣ ಮೂರು: ನೀರು ಬಹಳ, ಮೀನು ಕಡಿಮೆ, ಗೋಡೆಗೆ ಹಿಡಿದ ಪಾಚಿ ಮತ್ತು ಲೋಳೆಯಲ್ಲಿ ನೀರನ್ನು ಶುದ್ಧಗೊಳಿಸುವ ಕಣ್ಣಿಗೆ ಕಾಣದ ಜೀವಿಗಳು. ಹೊಸ ಗಾಜಿನ ತೊಟ್ಟಿಯಲ್ಲಿ ಈ ಮೂರೂ ಇರುವುದಿಲ್ಲ.

ಮೀನಿನ ಕಿವಿರು ಮತ್ತು ಮಲದಿಂದ ಅಮೋನಿಯಾ ಎಂಬ ವಿಷ ನೀರಿಗೆ ಸೇರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ಇದರಿಂದ ಅಷ್ಟು ಅಪಾಯವಿಲ್ಲ, ಆಗಾಗ ಸ್ವಲ್ಪ ನೀರು ಬದಲಿಸಿದರೆ ಸಾಕು. ಮೊಸರಿಗೆ ಹೆಪ್ಪು ಹಾಕಿದಂತೆ ಈ ಬ್ಯಾಕ್ಟೀರಿಯಾಗಳೂ ತೊಟ್ಟಿಯಲ್ಲಿ ಬೆಳೆಯಬೇಕು. ಹೆಪ್ಪು ರಾತ್ರಿಯಲ್ಲಿ ಕೂಡುತ್ತದೆ, ಇವು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ಆದ್ದರಿಂದ ಮೊದಲು ತೊಟ್ಟಿಯನ್ನು ಮಾತ್ರ ತನ್ನಿ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ 50 ಲೀಟರಿಗೂ ಹೆಚ್ಚು ನೀರು ಹಿಡಿಯುತ್ತದೆ. ಅದರ ಭಾರ 50 ಕಿಲೋ ದಾಟುವುದರಿಂದ ಗಟ್ಟಿ ಕಟ್ಟೆಯ ಮೇಲೆ, ಕಿಟಕಿಯ ಬಿಸಿಲು ನೇರವಾಗಿ ಬೀಳದ ಕಡೆ ಇಡಿ. ಗಾಳಿಪಂಪು, ಸ್ಪಂಜಿನ ಫಿಲ್ಟರ್ ಹಾಕಿ ಓಡಿಸಿ. ಎರಡು ದಿನಕ್ಕೊಮ್ಮೆ ಒಂದು ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಮೊದಲೇ ಮೀನು ಸಾಕಿರುವ ನಂಬಿಕೆಯ ಮನೆಯಿದ್ದರೆ ಅವರ ಆರೋಗ್ಯವಂತ ತೊಟ್ಟಿಯಿಂದ ಒಂದು ಹಿಡಿ ಕಲ್ಲು ಅಥವಾ ಹಳೆಯ ಸ್ಪಂಜಿನ ತುಂಡು ಕೇಳಿ ತನ್ನಿ. ಅದೇ ನಿಮ್ಮ ತೊಟ್ಟಿಯ ಹೆಪ್ಪು. ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷಿಸುವ ಹನಿ ಔಷಧಿಯ ಪೆಟ್ಟಿಗೆಗಳು ಅಂಗಡಿಯಲ್ಲಿ ಸಿಗುತ್ತವೆ. ಎರಡೂ ಸೊನ್ನೆಗೆ ಬಂದ ಮೇಲೆ ಮೀನಿನ ಮಾತು.

ಈ ತಿಂಗಳನ್ನು ಮಕ್ಕಳು ಹೇಗೆ ಕಳೆಯಬೇಕು? ಅವರ ಕೈಗೊಂದು ನೋಟುಬುಕ್ ಕೊಡಿ. ದಿನಾ ನೀರಿನ ಉಷ್ಣತೆ ಬರೆಯಲಿ. ಸಬ್ರ್ ಬಗ್ಗೆ ಎಷ್ಟು ಬೋಧಿಸಿದರೂ ತಲೆಗೆ ಹೋಗದ ಪಾಠ ಖಾಲಿ ತೊಟ್ಟಿಯ ಮುಂದೆ ತಾನಾಗಿ ಹೋಗುತ್ತದೆ.

ಯಾವ ನೀರು, ಯಾವ ಪಾತ್ರೆ?

ನಲ್ಲಿಯ ನೀರಿಗೆ ರೋಗಾಣು ಕೊಲ್ಲಲು ಬ್ಲೀಚಿಂಗ್ ಪುಡಿ ಅಥವಾ ಕ್ಲೋರಿನ್ ಹಾಕಿರುತ್ತಾರೆ. ಮಳೆಗಾಲದಲ್ಲಿ ವಾಸನೆಯೇ ಮೂಗಿಗೆ ಬಡಿಯುತ್ತದೆ. ನಮಗೆ ರಕ್ಷಣೆಯಾದ ಆ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಬಾಯಿ ಅಗಲವಿರುವ ಪ್ಲಾಸ್ಟಿಕ್ ಬಕೀಟು ಅಥವಾ ಟಬ್ಬಿನಲ್ಲಿ ನೀರನ್ನು ಒಂದು ದಿನ ತೆರೆದಿಡಿ, ನಡುನಡುವೆ ಕಲಕಿ. ಕ್ಲೋರಿನ್ ಹಾರಿಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ಹನಿಗಳನ್ನೂ ಹಾಕಬಹುದು.

ತಾಮ್ರದ ಹಂಡೆಯಲ್ಲಿ ಅಥವಾ ಕೊಡದಲ್ಲಿ ನಿಲ್ಲಿಸಿದ ನೀರು ಮಾತ್ರ ಬೇಡ. ತಾಮ್ರದ ಅಂಶ ಅಲ್ಪವಾಗಿದ್ದರೂ ಮೀನಿಗೆ ವಿಷ. ಬಟ್ಟೆ ನೆನೆಸುವ ಬಕೀಟೂ ಬೇಡ, ಸೋಪಿನ ಪುಡಿಯ ಅಂಶ ಉಳಿದಿರುತ್ತದೆ. ಮೀನಿಗೆಂದೇ ಒಂದು ಬಕೀಟು, ಒಂದು ಜಗ್ಗು ಬೇರೆ ಇಡಿ. ಕುಡಿಯಲು ಶುದ್ಧೀಕರಿಸಿದ ಆರ್‌ಒ ನೀರಿನಲ್ಲಿ ಖನಿಜಗಳು ತೀರಾ ಕಡಿಮೆ, ಅದೊಂದನ್ನೇ ತುಂಬಬೇಡಿ. ಮಳೆಗಾಲದ ಕೆಂಪು ಹೊಳೆನೀರನ್ನೂ ನೇರವಾಗಿ ಸುರಿಯಬೇಡಿ.

ನಿಮ್ಮ ನೀರು ಗಡಸಾಗಿದ್ದರೆ ಕಂಗೆಡಬೇಕಿಲ್ಲ. ಗಪ್ಪಿ ಮತ್ತು ಮೋಲಿ ಮೀನುಗಳಿಗೆ ಗಡಸು ನೀರೇ ಹಿತ. ಗಪ್ಪಿಯಂತೂ ನಮ್ಮ ರಾಜ್ಯಕ್ಕೆ ಹೊಸದಲ್ಲ. ಸೊಳ್ಳೆಯ ಮರಿಗಳನ್ನು ತಿನ್ನುವುದರಿಂದ ಮಲೇರಿಯಾ ತಡೆಗೆಂದು ಕರ್ನಾಟಕದ ಹಳ್ಳಿಗಳ ಬಾವಿಗಳಿಗೆ ಇದನ್ನು ಬಿಟ್ಟಿದ್ದಾರೆ. ಮೊದಲ ಸಲ ಸಾಕುವವರು ಐದಾರು ಗಂಡು ಗಪ್ಪಿಗಳಿಂದ ಆರಂಭಿಸಲಿ. ಹೆಣ್ಣು ಸೇರಿದರೆ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಹತ್ತಾರು ಮರಿ ಹಾಕುತ್ತದೆ, ತೊಟ್ಟಿ ಸಾಲದು. ಚಿನ್ನದ ಮೀನು ನೋಡಲು ಚೆಂದ, ಆದರೆ ಅದು ಅಂಗೈಗಿಂತ ದೊಡ್ಡದಾಗಿ ಬೆಳೆಯುವ ಜಾತಿ. ಮೇಜಿನ ಮೇಲಿನ ಗುಂಡು ಬೋಗುಣಿ ಅದರ ಮನೆಯಲ್ಲ. ಫೈಟರ್ ಮೀನಿನ ಎರಡು ಗಂಡುಗಳನ್ನು ಒಟ್ಟಿಗೆ ಹಾಕಿದರೆ ಕಾದಾಡಿ ಸಾಯುತ್ತವೆ.

ಅಂಗಡಿಯಿಂದ ಮನೆಯವರೆಗೆ

ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ನಡೆ ನೋಡಿ. ರೆಕ್ಕೆ ಮುದುರಿಕೊಂಡ, ಮೂಲೆಯಲ್ಲಿ ನಿಂತ, ಮೈಮೇಲೆ ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆಯಿರುವ ಮೀನು ಬೇಡ. ಅದೇ ತೊಟ್ಟಿಯಲ್ಲಿ ಸತ್ತ ಮೀನು ಕಂಡರೆ ಆ ತೊಟ್ಟಿಯ ಯಾವ ಮೀನೂ ಬೇಡ. ಒಮ್ಮೆಗೆ ಎರಡು ಮೂರಕ್ಕಿಂತ ಹೆಚ್ಚು ತರಬೇಡಿ.

ದೂರದ ಪ್ರಯಾಣವೆಂದು ಅಂಗಡಿಯವರಿಗೆ ಹೇಳಿ, ಆಮ್ಲಜನಕ ತುಂಬಿ ಕಟ್ಟಿಸಿಕೊಳ್ಳಿ. ಚೀಲದಲ್ಲಿ ನೀರಿಗಿಂತ ಗಾಳಿಯ ಜಾಗ ಹೆಚ್ಚಿರಬೇಕು. ಬೈಕಿನ ಹ್ಯಾಂಡಲಿಗೆ ನೇತುಹಾಕಿ ಬಿಸಿಲಲ್ಲಿ ತರಬೇಡಿ. ದಪ್ಪ ಬಟ್ಟೆಯಲ್ಲಿ ಸುತ್ತಿ ಕೈಚೀಲದೊಳಗೆ ಅಥವಾ ಥರ್ಮಾಕೋಲ್ ಪೆಟ್ಟಿಗೆಯೊಳಗೆ ಇಟ್ಟರೆ ಉಷ್ಣತೆ ಬೇಗ ಏರಿಳಿಯುವುದಿಲ್ಲ. ಕತ್ತಲಲ್ಲಿ ಮೀನು ಬೆದರುವುದೂ ಕಡಿಮೆ. ಮಕ್ಕಳು ದಾರಿಯುದ್ದಕ್ಕೂ ಚೀಲ ಎತ್ತಿ ಅಲುಗಾಡಿಸಿ ನೋಡದಂತೆ ತಡೆಯುವುದು ಮಾತ್ರ ನಿಮ್ಮ ಜಾಣತನಕ್ಕೆ ಬಿಟ್ಟದ್ದು.

ಅಸರ್‌ನಿಂದ ಮಗ್ರಿಬ್‌ವರೆಗೆ

ಜಲಾಶಯಕ್ಕೆ, ಕೆರೆಗೆ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಡುವವರನ್ನು ಗಮನಿಸಿ. ಸಾವಿರಾರು ಮರಿಗಳಿರುವ ಚೀಲಗಳನ್ನು ಅವರು ತಂದ ಕೂಡಲೇ ಸುರಿಯುವುದಿಲ್ಲ. ಕಟ್ಟಿದ ಚೀಲವನ್ನೇ ಮೊದಲು ನೀರಿನ ಮೇಲೆ ತೇಲಿಬಿಡುತ್ತಾರೆ. ಆಮೇಲೆ ಬಾಯಿ ಬಿಚ್ಚಿ ಕೆರೆಯ ನೀರನ್ನು ಸ್ವಲ್ಪ ಸ್ವಲ್ಪ ಒಳಗೆ ಬಿಡುತ್ತಾರೆ. ಕೊನೆಗೆ ಮರಿಗಳು ತಾವಾಗಿ ಈಜಿ ಹೊರಬರುತ್ತವೆ. ಮೀನಿನಿಂದಲೇ ಬದುಕುವವರ ಈ ಪದ್ಧತಿ ನಮ್ಮ ಮನೆಯ ತೊಟ್ಟಿಗೂ ಸರಿ, ಕೊನೆಯ ಹಂತದಲ್ಲಿ ಮಾತ್ರ ಒಂದು ಬದಲಾವಣೆ.

ಮೀನು ಸಂಜೆ ಮನೆ ಸೇರುವಂತೆ ನೋಡಿಕೊಳ್ಳಿ. ಅಸರ್ ನಮಾಝ್ ಮುಗಿಸಿ ಕೆಲಸ ಶುರು ಮಾಡಿದರೆ ಮಗ್ರಿಬ್‌ನ ಹೊತ್ತಿಗೆ ಮುಗಿಯುತ್ತದೆ.

ಮೊದಲು ತೊಟ್ಟಿಯ ದೀಪ ಆರಿಸಿ. ಚೀಲದ ಹೊರಮೈಯನ್ನು ತೊಳೆದು ಗಂಟು ಬಿಚ್ಚದೆ ತೊಟ್ಟಿಯ ನೀರಿನ ಮೇಲೆ ತೇಲಿಬಿಡಿ. ಹದಿನೈದರಿಂದ ಇಪ್ಪತ್ತು ನಿಮಿಷದಲ್ಲಿ ಒಳಗಿನ ನೀರು, ಹೊರಗಿನ ನೀರು ಒಂದೇ ಉಷ್ಣತೆಗೆ ಬರುತ್ತವೆ.

ಈಗ ಗಂಟು ಬಿಚ್ಚಿ. ಚೀಲದ ಬಾಯಿಯನ್ನು ಎರಡು ಸುತ್ತು ಹೊರಕ್ಕೆ ಮಡಚಿದರೆ ಅಂಚು ನಿಲ್ಲುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ತೊಟ್ಟಿಯ ಅಂಚಿಗೆ ಸಿಕ್ಕಿಸಿ. ತೊಟ್ಟಿಯ ನೀರನ್ನು ಅರ್ಧ ಚಹಾ ಕಪ್ಪಿನಷ್ಟು ಚೀಲಕ್ಕೆ ಹಾಕಿ. ಐದಾರು ನಿಮಿಷ ಬಿಟ್ಟು ಇನ್ನರ್ಧ ಕಪ್ಪು. ಹೀಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯೊಳಗೆ ಚೀಲದ ನೀರು ಮೊದಲಿನ ಎರಡು ಮೂರು ಪಟ್ಟು ಆಗಲಿ. ತುಂಬಿ ಬಂದರೆ ಸ್ವಲ್ಪ ತೆಗೆದು ಬಕೀಟಿಗೆ ಚೆಲ್ಲಿ. ಮನೆಯ ನೀರು ತೀರಾ ಗಡಸಾಗಿದ್ದರೆ ಇನ್ನೂ ಸ್ವಲ್ಪ ನಿಧಾನ ಮಾಡಿ.

ಕೊನೆಯದಾಗಿ, ಚೀಲವನ್ನು ತೊಟ್ಟಿಗೆ ಸುರಿಯಬೇಡಿ. ಕೆರೆಗೂ ನಮ್ಮ ತೊಟ್ಟಿಗೂ ವ್ಯತ್ಯಾಸ ಇಲ್ಲೇ. ಚೀಲದ ನೀರಿನಲ್ಲಿ ಮೀನಿನ ಮಲವಿದೆ, ಅಂಗಡಿಯ ರೋಗಾಣುಗಳೂ ಇರಬಹುದು. ಮೆತ್ತನೆಯ ಬಲೆಯಿಂದ ಮೀನನ್ನು ಮಾತ್ರ ಎತ್ತಿ, ಬಿಸ್ಮಿಲ್ಲಾಹ್ ಹೇಳಿ ಮೆಲ್ಲಗೆ ತೊಟ್ಟಿಗೆ ಬಿಡಿ. ಕೈಯಿಂದ ಹಿಡಿಯಬೇಡಿ. ಅದರ ಮೈಮೇಲಿನ ಲೋಳೆಯೇ ಅದರ ರಕ್ಷಾಕವಚ, ಒಣಗಿದ ಕೈ ತಗುಲಿದರೆ ಅದು ಕಿತ್ತುಬರುತ್ತದೆ. ಚೀಲದ ನೀರು ಗಿಡದ ಬುಡಕ್ಕೆ ಹೋಗಲಿ.

ಆ ರಾತ್ರಿ ದೀಪ ಬೇಡ, ಆಹಾರವೂ ಬೇಡ. ಮಕ್ಕಳು ಗಾಜನ್ನು ಬಡಿಯುವುದಂತೂ ಬೇಡವೇ ಬೇಡ. ಹೊಸ ಸೊಸೆಯನ್ನು ನೋಡಲು ಊರೆಲ್ಲ ಬಂದು ಕೂತರೆ ಅವಳಿಗೆ ಹೇಗಾದೀತು? ಅದನ್ನೇ ನೆನೆದುಕೊಂಡು ಮೀನನ್ನೂ ಒಂದು ರಾತ್ರಿ ಅದರ ಪಾಡಿಗೆ ಬಿಡಿ.

ಬಹಳ ಹೊತ್ತು ಚೀಲದಲ್ಲಿದ್ದ ಮೀನಾದರೆ

ಬೆಂಗಳೂರಿನಿಂದಲೋ ಮುಂಬೈಯಿಂದಲೋ ಪಾರ್ಸೆಲ್‌ನಲ್ಲಿ ಇಡೀ ರಾತ್ರಿ ಪ್ರಯಾಣ ಮಾಡಿ ಬಂದ ಮೀನಿನ ವಿಷಯ ಬೇರೆ. ಇಲ್ಲಿ ಅತಿ ನಿಧಾನವೂ ಕೊಲ್ಲುತ್ತದೆ.

ಮುಚ್ಚಿದ ಚೀಲದಲ್ಲಿ ಮೀನು ಬಿಟ್ಟ ಉಸಿರಿನ ಇಂಗಾಲದ ಡೈ ಆಕ್ಸೈಡ್ ನೀರಿನಲ್ಲಿ ಕರಗಿ ನೀರು ಸ್ವಲ್ಪ ಹುಳಿಯಾಗುತ್ತದೆ. ಅದೇ ಚೀಲದಲ್ಲಿ ಅಮೋನಿಯಾವೂ ಸೇರುತ್ತಾ ಹೋಗುತ್ತದೆ. ನೀರು ಹುಳಿಯಾಗಿರುವಷ್ಟು ಹೊತ್ತು ಆ ಅಮೋನಿಯಾ ಹೆಚ್ಚಿನ ಅಪಾಯ ಮಾಡುವುದಿಲ್ಲ. ಗಂಟು ಬಿಚ್ಚಿದೊಡನೆ ಸೋಡಾ ಬಾಟಲಿಯ ಗಾಳಿ ಹಾರಿದಂತೆ ಇಂಗಾಲದ ಡೈ ಆಕ್ಸೈಡ್ ಹೊರಹೋಗುತ್ತದೆ, ಹುಳಿ ಇಳಿಯುತ್ತದೆ, ಅಮೋನಿಯಾ ತನ್ನ ವಿಷದ ರೂಪಕ್ಕೆ ತಿರುಗುತ್ತದೆ. ಆಗ ಅದೇ ನೀರಿನಲ್ಲಿ ಗಂಟೆಗಟ್ಟಲೆ ಇಟ್ಟುಕೊಂಡು ಕಪ್ಪು ಕಪ್ಪು ನೀರು ಬೆರೆಸುತ್ತಾ ಕೂತರೆ ಮೀನಿನ ಕಿವಿರು ಬೆಂದುಹೋಗುತ್ತದೆ.

ಆದ್ದರಿಂದ ಐದಾರು ಗಂಟೆಗಿಂತ ಹೆಚ್ಚು ಹೊತ್ತು ಮುಚ್ಚಿದ್ದ ಚೀಲವಾದರೆ ಗಂಟು ಬಿಚ್ಚದೆಯೇ ತೇಲಿಸಿ ಉಷ್ಣತೆ ಸರಿಮಾಡಿ. ಬಿಚ್ಚಿದ ಮೇಲೆ ತಡಮಾಡದೆ ಬಲೆಯಿಂದ ಎತ್ತಿ ತೊಟ್ಟಿಗೆ ಬಿಡಿ. ಎಲ್ಲಿ ನಿಧಾನ, ಎಲ್ಲಿ ಬೇಗ ಎಂಬುದು ಕಾರಣ ತಿಳಿದವರಿಗೆ ಮಾತ್ರ ಗೊತ್ತಾಗುತ್ತದೆ. ಕಾರಣ ಬಿಟ್ಟು ಪದ್ಧತಿಯನ್ನು ಮಾತ್ರ ಕಲಿತರೆ ತೊಂದರೆ ತಪ್ಪಿದ್ದಲ್ಲ.

ಮೊದಲ ಎರಡು ವಾರ

ಮನೆಯಲ್ಲಿ ಮೊದಲೇ ಮೀನುಗಳಿದ್ದರೆ ಹೊಸದನ್ನು ನೇರವಾಗಿ ಅವುಗಳ ಜೊತೆ ಸೇರಿಸಬೇಡಿ. ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ, ಹಳೆಯ ತೊಟ್ಟಿಯ ಸ್ಪಂಜಿನ ತುಂಡೊಂದನ್ನು ಹಾಕಿ, ಎರಡು ವಾರ ಬೇರೆ ಇಡಿ. ಬಿಳಿ ಚುಕ್ಕೆಯ ರೋಗ ಹೆಚ್ಚಾಗಿ ಈ ಅವಧಿಯಲ್ಲಿ ತಲೆದೋರುತ್ತದೆ. ಒಂದು ಮೀನಿನ ರೋಗ ಇಡೀ ತೊಟ್ಟಿಯನ್ನು ಬಲಿ ತೆಗೆದುಕೊಳ್ಳುವುದನ್ನು ಇದರಿಂದ ತಪ್ಪಿಸಬಹುದು. ಟಬ್ಬಿಗೂ ತೊಟ್ಟಿಗೂ ಒಂದೇ ಬಲೆ ಬಳಸಬೇಡಿ.

ಎರಡನೆಯ ದಿನದಿಂದ ಆಹಾರ ಕೊಡಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೊಮ್ಮೆ ಸಾಕು. ಹಸಿದು ಸಾಯುವ ಸಾಕುಮೀನಿಗಿಂತ ನಾವು ಪ್ರೀತಿಯಿಂದ ಸುರಿದ ಆಹಾರ ಕೊಳೆತು ಸಾಯುವ ಮೀನೇ ಹೆಚ್ಚು. ಅಬ್ಬಾ ಒಮ್ಮೆ, ದಾದಿ ಒಮ್ಮೆ, ಮಕ್ಕಳು ನಾಲ್ಕು ಸಲ ಹಾಕುವ ಮನೆಯಲ್ಲಿ ಆಹಾರದ ಡಬ್ಬಿ ಒಬ್ಬರ ಕೈಯಲ್ಲಿರಲಿ. ಮದುವೆಗೆಂದು ಎರಡು ದಿನ ಊರಿಗೆ ಹೋದರೆ ಬೆಳೆದ ಮೀನಿಗೆ ಏನೂ ಆಗದು. ಹೋಗುವಾಗ ಹಿಡಿ ತುಂಬ ಸುರಿದು ಹೋಗಬೇಡಿ.

ತಿಂಗಳು ಕಾಯದೆ ಈಗಾಗಲೇ ಮೀನು ತಂದಿದ್ದೀರಾ? ಹಾಗಿದ್ದರೆ ಒಂದು ತಿಂಗಳು ಎರಡು ದಿನಕ್ಕೊಮ್ಮೆ ಕಾಲು ಭಾಗ ನೀರು ತೆಗೆದು, ಒಂದು ದಿನ ತೆರೆದಿಟ್ಟ ನೀರನ್ನು ತುಂಬಿ. ಪೂರ್ತಿ ಖಾಲಿ ಮಾಡಿ ಕಲ್ಲು, ಗಾಜು ಎಲ್ಲವನ್ನೂ ಉಜ್ಜಿ ತೊಳೆಯುವುದು ನಮ್ಮ ಹೆಣ್ಣುಮಕ್ಕಳ ಅಚ್ಚುಕಟ್ಟುತನಕ್ಕೆ ಹಿತ, ಮೀನಿಗಲ್ಲ. ಕಷ್ಟಪಟ್ಟು ಬೆಳೆದ ಬ್ಯಾಕ್ಟೀರಿಯಾ ಅದರಲ್ಲಿ ಹೋಗಿಬಿಡುತ್ತದೆ. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಆ ನೀರೂ ವ್ಯರ್ಥವಲ್ಲ. ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಕಲಿತವರು ನಾವು. ಗುಲಾಬಿ, ಕರಿಬೇವು, ಪುದೀನಾ ಗಿಡಕ್ಕೆ ಹಾಕಿ ನೋಡಿ, ಅದೇ ಗೊಬ್ಬರ.

ಕರೆಂಟು ಹೋದಾಗ ಗಾಬರಿ ಬೇಡ. ಮೀನು ಕಡಿಮೆಯಿದ್ದರೆ ಒಂದೆರಡು ಗಂಟೆ ತೊಂದರೆಯಾಗದು. ಹೆಚ್ಚು ಹೊತ್ತಾದರೆ ಜಗ್ಗಿನಿಂದ ತೊಟ್ಟಿಯ ನೀರನ್ನೇ ತೆಗೆದು ಒಂದಡಿ ಎತ್ತರದಿಂದ ಮತ್ತೆ ಮತ್ತೆ ಸುರಿಯಿರಿ. ಗಾಳಿ ಬೆರೆಯುತ್ತದೆ. ಸೊಳ್ಳೆ ಔಷಧದ ಸ್ಪ್ರೇ ಮೀನಿರುವ ಕೋಣೆಯಲ್ಲಿ ಹೊಡೆಯಬೇಡಿ. ಗಾಳಿಪಂಪು ಆ ವಿಷವನ್ನು ಎಳೆದು ನೀರಿಗೇ ತಳ್ಳುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಗಪ್ಪಿಯಂತಹ ಬೆಚ್ಚನೆಯ ನೀರಿನ ಮೀನುಗಳಿಗೆ ಸಣ್ಣ ಹೀಟರ್ ಬೇಕಾಗಬಹುದು.

ಸಾಕಾದರೆ ಹೊಳೆಗೆ ಬಿಡಬೇಡಿ

ಬೇಸರ ಬಂದಾಗ, "ಪಾಪ, ಘಟಪ್ರಭೆಗೆ ಬಿಟ್ಟುಬಿಡೋಣ, ಸವಾಬ್ ಸಿಗುತ್ತದೆ" ಎನ್ನುವವರಿದ್ದಾರೆ. ಉದ್ದೇಶ ಒಳ್ಳೆಯದು, ಕೆಲಸ ಕೆಟ್ಟದ್ದು. ಒಗ್ಗದ ಮೀನಾದರೆ ಹೊಳೆಯಲ್ಲಿ ಸಾಯುತ್ತದೆ. ಒಗ್ಗಿದರೆ ಇನ್ನೂ ಅಪಾಯ. ತೊಟ್ಟಿಯ ಗಾಜು ನೆಕ್ಕುವ ಸಕರ್ ಮೀನು ಹೀಗೇ ಅಕ್ವೇರಿಯಂಗಳಿಂದ ತಪ್ಪಿಸಿಕೊಂಡು ದೇಶದ ಹಲವು ಕೆರೆ ಹೊಳೆಗಳಲ್ಲಿ ಹಬ್ಬಿ, ಅಲ್ಲಿನ ಮೀನುಗಳಿಗೂ ಮೀನುಗಾರರ ಬಲೆಗಳಿಗೂ ಕಂಟಕವಾಗಿದೆ. ಬೇಡವಾದ ಮೀನನ್ನು ಅಂಗಡಿಗೆ ಮರಳಿಸಿ, ಇಲ್ಲವೆ ಸಾಕುವ ಮನೆಗೆ ಕೊಡಿ.

ಒಂಟೆಯನ್ನು ಕಟ್ಟಿ, ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿವರ್ಯರು(ಸ) ಒಬ್ಬರಿಗೆ ಹೇಳಿಕೊಟ್ಟ ಪ್ರಸಂಗ ತಿರ್ಮಿದಿಯಲ್ಲಿದೆ. ನೀರನ್ನು ಸಿದ್ಧಗೊಳಿಸುವುದು, ಕಾಯುವುದು, ಚೀಲವನ್ನು ತೇಲಿಬಿಡುವುದು ನಮ್ಮ ಪಾಲಿನ ಹಗ್ಗ. ಅಷ್ಟು ಮಾಡಿದ ಮೇಲೂ ಒಂದು ಮೀನು ಸಾಯಬಹುದು. ಆಗ, "ಒಂದು ಮೀನಿಗೆ ಇಷ್ಟು ಅಳುತ್ತೀಯಾ?" ಎಂದು ಮಗುವನ್ನು ಗದರಬೇಡಿ. ಅಬೂ ಉಮೈರ್‌ರ ಹಕ್ಕಿ ಸತ್ತು ಅವರು ಸಪ್ಪಗೆ ಕುಳಿತಿದ್ದಾಗ ಪ್ರವಾದಿವರ್ಯರು(ಸ) ಆ ಪುಟ್ಟ ದುಃಖವನ್ನು ಕಡೆಗಣಿಸದೆ ಮಾತನಾಡಿಸಿದರೆಂದು ವರದಿಗಳಲ್ಲಿದೆ. ಮಗುವಿನ ಪಕ್ಕ ಕುಳಿತುಕೊಳ್ಳಿ. ಗಿಡದ ಬುಡದಲ್ಲಿ ಮೀನನ್ನು ಒಟ್ಟಿಗೆ ಹೂಳಿ. ಬಲಾ ಹೋಯಿತು ಎನ್ನುವ ಬದಲು, ನಾವು ಎಲ್ಲಿ ತಪ್ಪಿದೆವು ಎಂದು ಇಬ್ಬರೂ ನೋಟುಬುಕ್ ತೆರೆದು ನೋಡಿ.

ಮುಂದಿನ ಈದ್‌ಗೆ ಮಗು ಮತ್ತೆ ಮೀನು ಕೇಳಿದರೆ ಬೇಡವೆನ್ನಬೇಡಿ. "ಮೊದಲು ನೀರು ತುಂಬಿಡೋಣ ಬೇಟಾ, ಮೀನು ಆಮೇಲೆ" ಎನ್ನಿ. ಇನ್ಶಾ ಅಲ್ಲಾಹ್, ಈ ಸಲ ಅದಕ್ಕೆ ನಿಮ್ಮ ಮನೆಯ ನೀರು ಒಗ್ಗುತ್ತದೆ.